ಕ್ಷಯರೋಗವೂ ತುಮಕೂರು ಜಿಲ್ಲೆಯ ಗ್ರಾಮಗಳೂ

ಶಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆಯಿಂದ ಮಧುಗಿರಿ, ಕೊರಟಗೆರೆ, ಪಾವಗಡಗಳವರೆಗೆ ಹಬ್ಬಿರುವ ಸೀಮೆಯು ಮಳೆ ಕಡಮೆಯಾದ, ಕಲ್ಲುಬೆಟ್ಟಗಳ ನಾಡು. ರಾಗಿ, ಕಡಲೆಕಾಯಿಗಳನ್ನು ಬೆಳೆದು ಬಾಳುವ ಒಕ್ಕಲುಮಕ್ಕಳ ಈ ಊರುಗಳನ್ನು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಯಾರು ತಾನೇ ಹುಡುಕಿಯಾರು? ಆದರೂ ಈ ತಾಲ್ಲೂಕುಗಳನ್ನೊಳಗೊಂಡ ತುಮಕೂರು ಜಿಲ್ಲೆಯಲ್ಲಿ 1960-61ರಲ್ಲಿ ನಡೆದ ಒಂದು ಶೋಧನೆಯು ಭಾರತದ ಕ್ಷಯಚಿಕಿತ್ಸೆಯ ದಾರಿಯನ್ನೇ ತಿರುಗಿಸಿತು. ಅದರ ವಿಚಾರವನ್ನು ಈ ದಿನ ಹೇಳಬೇಕೆಂದಿದ್ದೇವೆ.

ನಮ್ಮ ಹಿಂದಿನವರು ರಾಜಯಕ್ಷ್ಮವೆಂದು ಕರೆದ ಈ ರೋಗದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ ಲೋಕಕ್ಕೆ ತೋರಿಸಿಕೊಟ್ಟನು. ಆದರೆ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಕೈಗೆ ಸಿಕ್ಕುವವರೆಗೆ ತಕ್ಕ ಔಷಧವಿಲ್ಲದೆ, ಒಳ್ಳೆಯ ಗಾಳಿ, ಪುಷ್ಟಿಯಾದ ಆಹಾರ, ವಿಶ್ರಾಂತಿ ಇವುಗಳೇ ಉಪಾಯಗಳಾಗಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಸ್ಮಾರಕವಾಗಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ಕಟ್ಟಿಸಿದುದು ಆ ಕಾಲದಲ್ಲಿಯೇ. ಮುಂದೆ ಮದರಾಸಿನ ಪರೀಕ್ಷೆಯೊಂದು, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು 1959ರಲ್ಲಿ ಸಿದ್ಧಪಡಿಸಿತು.

ಔಷಧವಾಯಿತು, ರೋಗಿಯನ್ನು ಹುಡುಕುವ ಬಗೆ ಹೇಗೆ? ಹಳ್ಳಿಯವನು ಅಜ್ಞ, ರೋಗ ಬಲಿತರೂ ಆಸ್ಪತ್ರೆಯ ಕಡೆ ತಲೆಹಾಕನು, ಆದುದರಿಂದ ಎಕ್ಸ್‌-ರೇ ಯಂತ್ರವನ್ನು ಬಂಡಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗಬೇಕು ಎಂಬುದು ಬಲ್ಲವರ ಅಭಿಪ್ರಾಯವಾಗಿದ್ದಿತು. ಇಂಗ್ಲಿಷು ಕಲಿತ ನಮ್ಮಂಥವರಿಗೂ ಈ ಮಾತು ರುಚಿಸತಕ್ಕದ್ದೇ.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಈ ಅಭಿಪ್ರಾಯವನ್ನು ನಂಬಿ ಕೂರಲಿಲ್ಲ. ಅವರು ತುಮಕೂರು ಜಿಲ್ಲೆಯ ಗ್ರಾಮಗಳಿಗೆ ಹೋಗಿ, ಮನೆಮನೆಯ ಜನರನ್ನು ಎಣಿಸಿ, ತೋಳಿಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿ, ಎದೆಯ ಚಿತ್ರವನ್ನು ತೆಗೆದು, ಸಂಶಯ ಬಂದವರ ಕಫವನ್ನು ಪರೀಕ್ಷಿಸಿದರು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು, ರೋಗವಿದೆಯೆಂದು ಗೊತ್ತಾದವರ ಮನೆಗಳಿಗೇ ಹೋಗಿ ಅವರನ್ನು ಮಾತನಾಡಿಸುವ ಏರ್ಪಾಡು ಮಾಡಿದರು. ನಿನಗೇನು ತೊಂದರೆ? ಅದಕ್ಕೇನು ಮಾಡಿದೆ? ಕೇಳಿದುದು ಇಷ್ಟೇ. ಇಷ್ಟನ್ನು ಅದುವರೆಗೆ ಯಾರೂ ಕ್ರಮವಾಗಿ ಕೇಳಿರಲಿಲ್ಲವೆಂಬುದೇ ಸೋಜಿಗ!

ಬಂದ ಉತ್ತರಗಳು 1963ರಲ್ಲಿ ಅಚ್ಚಾದುವು. ಕಫದಲ್ಲಿ ಸೂಕ್ಷ್ಮಾಣುಗಳಿದ್ದವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ತಮ್ಮ ಕೆಮ್ಮು, ಜ್ವರಗಳ ಅರಿವು ಚೆನ್ನಾಗಿಯೇ ಇದ್ದಿತು. ಬಹುಮಂದಿಗೆ ಅದೇ ಚಿಂತೆ. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತುದೇನು? ಕೆಮ್ಮಿನ ಔಷಧದ ಒಂದು ಸೀಸೆ! ಒಂದು ದಿನದ ಕೂಲಿಯನ್ನು ಬಿಟ್ಟು ನಡೆದುಬಂದವನ ಕಫವನ್ನು ನೋಡದೆ ಹಿಂದಕ್ಕೆ ಕಳುಹಿಸಿ, ಅವನನ್ನೇ ಅಜ್ಞನೆಂದು ಜರೆದ ದೋಷ ಯಾರದು? ಹಳ್ಳಿಯವನದಂತೂ ಅಲ್ಲ.

ಈ ತಿಳಿವಳಿಕೆಯೂ 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಕೆಮ್ಮುತ್ತ ಬಂದವನ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಸೂಕ್ಷ್ಮದರ್ಶಕದಿಂದ ನೋಡಬೇಕು, ಅಲ್ಲಿಯೇ ಔಷಧ ಕೊಡಬೇಕು ಎಂಬುದು ಅದರ ತಿರುಳು. ಕಾಗದದ ಮೇಲಿನ ಈ ನಿಯಮ ಎಲ್ಲೆಡೆಯೂ ನಡೆಯಿತೆಂದು ಹೇಳಲಾರೆವು. ಔಷಧದ ಅಭಾವ, ಕೆಲಸಗಾರರ ಅಭಾವ, ನಡುವೆ ಚಿಕಿತ್ಸೆ ಬಿಟ್ಟವರ ಸಂಖ್ಯೆ ಇವೆಲ್ಲವೂ ಕಾಡಿದುವು. 1997ರಲ್ಲಿ ಆ ಕಾರ್ಯಕ್ರಮವನ್ನು ಪರಿಷ್ಕರಿಸಿ, ರೋಗಿಯು ಕಣ್ಣೆದುರಿನಲ್ಲಿಯೇ ಔಷಧ ನುಂಗುವ ಪದ್ಧತಿಯನ್ನು ತಂದರು.

ಸೂಕ್ಷ್ಮದರ್ಶಕಕ್ಕೂ ಒಂದು ಮಿತಿಯುಂಟು: ಕಫದಲ್ಲಿ ಸೂಕ್ಷ್ಮಾಣುಗಳು ವಿರಳವಾಗಿದ್ದರೆ ಅದಕ್ಕೆ ಕಾಣುವುದಿಲ್ಲ. ಈ ಕೊರತೆಯನ್ನು ನೀಗುವ ಟ್ರೂನ್ಯಾಟ್ ಎಂಬ ಯಂತ್ರದ ಹಿಂದೆ ಬೆಂಗಳೂರಿನ ಸಂಶೋಧಕರ ದುಡಿಮೆಯಿರುವುದು ನಮಗೆ ಸಂತೋಷದ ವಿಷಯ. ವಿದ್ಯುತ್ತು ಹೋದರೂ ಬ್ಯಾಟರಿಯಿಂದ ನಡೆಯುವ ಈ ಸಣ್ಣ ಯಂತ್ರವು ಸೂಕ್ಷ್ಮಾಣುವಿನ ಬೀಜದ್ರವ್ಯವನ್ನೇ ಗುರುತಿಸುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಅದು ಜಗ್ಗುವುದೋ ಇಲ್ಲವೋ ಎಂಬುದನ್ನೂ ಮುಂದಿನ ಪರೀಕ್ಷೆಯಲ್ಲಿ ತಿಳಿಸುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಮನ್ನಣೆಯಿತ್ತಿತು.

ಯಂತ್ರವೇನೋ ಬಂದಿದೆ. ಅದರೊಳಕ್ಕೆ ಹೋಗಬೇಕಾದ ಕಫದ ಡಬ್ಬಿಯನ್ನು ಮಾತ್ರ, ಬಾಗಿಲಲ್ಲಿ ನಿಂತವನ ಮಾತನ್ನು ಕೇಳಿದವರೇ ಅವನ ಕೈಗೆ ಕೊಡಬೇಕು. ಎರಡು ವಾರ ಕಳೆದರೂ ಬಿಡದ ಕೆಮ್ಮಿದ್ದರೆ ಪರೀಕ್ಷೆ ನಡೆಯಲೇಬೇಕೆಂಬುದು ಈಗಿನ ನಿಯಮ. ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸೀಸೆಯೊಂದನ್ನೇ ಕೊಟ್ಟು ಕಳುಹಿಸಿದರೆ, ಕಫದ ಪರೀಕ್ಷೆಯನ್ನು ಕೇಳಿಯೇ ಮಾಡಿಸಿಕೊಳ್ಳಬಹುದು.