ಪದವಿ ತಗೊಂಡ್ರೆ ಗುರುತು ಹೋಗುತ್ತೆ!

ಮನೆ ಮಗನಿಗೆ ಡಿಗ್ರಿ ಬಂದ ದಿನ ನಮ್ಮಲ್ಲಿ ಏನಾಗುತ್ತೆ? ಅಪ್ಪ ಅಮ್ಮ ಸ್ವೀಟ್ ಹಂಚ್ತಾರೆ. ಊರ ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಎದ್ದರೂ ಏಳಬಹುದು. ಈಗ ಇದನ್ನ ಕೇಳಿ. 1876ರಲ್ಲಿ ಕೆನಡಾದ ಸಂಸತ್ತು ಒಂದು ಕಾನೂನು ಮಾಡಿತು. ಹೆಸರು ಇಂಡಿಯನ್ ಆ್ಯಕ್ಟ್. ಇಂಡಿಯನ್ ಅಂದ್ರೆ ನಾವಲ್ಲ ಸ್ವಾಮಿ, ಅದು ಕೊಲಂಬಸ್ ದಿಕ್ಕು ತಪ್ಪಿ ಇಟ್ಟ ಹೆಸರು. ಅಲ್ಲಿನ ಮೂಲನಿವಾಸಿಗಳನ್ನ ಸರ್ಕಾರ ಕರೀತಿದ್ದದ್ದು ಹಾಗೆ. ಆ ಕಾನೂನಿನ 86ನೇ ಸೆಕ್ಷನ್ ಏನು ಹೇಳ್ತಿತ್ತು ಗೊತ್ತಾ? ಮೂಲನಿವಾಸಿಯೊಬ್ಬ ಡಾಕ್ಟರ್ ಆದರೆ, ಯಾವುದೇ ವಿಶ್ವವಿದ್ಯಾಲಯದಿಂದ ಯಾವುದೇ ಪದವಿ ಪಡೆದರೆ, ವಕೀಲನಾದರೆ, ಪಾದ್ರಿಯಾದರೆ, ತಂತಾನೇ ಅವನು ಕಾನೂನಿನ ಕಣ್ಣಲ್ಲಿ 'ಇಂಡಿಯನ್' ಅಲ್ಲ! ಅರ್ಜಿ ಬೇಕಿಲ್ಲ, ಒಪ್ಪಿಗೆಯೂ ಬೇಕಿಲ್ಲ. ಓದಿದ್ದೇ ಸಾಕು.

ಇದನ್ನ ಅವರು ಶಿಕ್ಷೆ ಅಂತ ಬರೆದಿರಲಿಲ್ಲ. ಬಹುಮಾನ ಅಂತಲೇ ಬರೆದಿದ್ದರು. ನೀನು ಓದಿದೆ, ಸುಧಾರಿಸಿದೆ, ಇನ್ನು ನೀನು ನಮ್ಮವನು ಅಂತ. ಅಂದ್ರೆ ಓದಿದವನೂ ಮೂಲನಿವಾಸಿಯೂ ಒಬ್ಬನೇ ಆಗಿರೋಕೆ ಸಾಧ್ಯವೇ ಇಲ್ಲ ಅನ್ನೋದು ಆ ಸೆಕ್ಷನ್‌ನ ಒಳಗಿನ ಮಾತು.

ಅದು ಸುಳ್ಳು ಅನ್ನೋದಕ್ಕೆ ಸಾಕ್ಷಿ ಕಣ್ಣೆದುರೇ ಇತ್ತು. ಗ್ರ್ಯಾಂಡ್ ನದಿ ತೀರದ ಸಿಕ್ಸ್ ನೇಷನ್ಸ್ ಸಮುದಾಯದ ಒರೊನ್‌ಹ್ಯಾಟೇಕಾ ಅನ್ನೋ ಮೊಹಾಕ್ ಯುವಕ 1860ರ ದಶಕದಲ್ಲೇ ಟೊರೊಂಟೊದಲ್ಲಿ ವೈದ್ಯಕೀಯ ಮುಗಿಸಿದ್ದ. ಮುಂದೆ ದೊಡ್ಡದೊಂದು ವಿಮಾ ಸಂಘಟನೆಯ ಮುಖ್ಯಸ್ಥನೂ ಆದ. ಹೆಸರು ಬದಲಾಯಿಸಲಿಲ್ಲ, ಮೊಹಾಕ್ ಹೆಸರಲ್ಲೇ ಬದುಕಿದ. 1857ರಲ್ಲಿ ಇನ್ನೊಂದು ಕಾನೂನು ಬಂದಿತ್ತು, ಇಷ್ಟ ಇದ್ದವರು ತಾವಾಗಿಯೇ ಈ ಗುರುತು ಬಿಟ್ಟು ಬರಬಹುದು ಅಂತ. ಬಂದವರು ಎಷ್ಟು? ಬೆರಳೆಣಿಕೆಯಷ್ಟೂ ಇಲ್ಲ. ಕರೆದರೆ ಬರಲಿಲ್ಲ, ಅದಕ್ಕೇ ಬಲವಂತ.

1880ರಲ್ಲಿ ಆ ಸೆಕ್ಷನ್ ಸಡಿಲವಾಯಿತು, ಪದವೀಧರ ಬೇಕಾದರೆ ಅರ್ಜಿ ಹಾಕಿಕೊಳ್ಳಲಿ ಅಂತ. ಕಾಗದದ ಮೇಲೆ ಕಡ್ಡಾಯ ಇದ್ದದ್ದು ನಾಲ್ಕೇ ವರ್ಷ. ಆದ್ರೆ ಕಾಗದ ಬದಲಾದ ಮಾತ್ರಕ್ಕೆ ಬುದ್ಧಿ ಬದಲಾಗುತ್ತಾ? ಆಮೇಲಿನ ರೆಸಿಡೆನ್ಶಿಯಲ್ ಶಾಲೆಗಳ ಕಥೆ ನೀವು ಕೇಳಿರ್ತೀರಿ. ಸುಮಾರು ಒಂದೂವರೆ ಲಕ್ಷ ಮಕ್ಕಳನ್ನ ಮನೆಯಿಂದ ಕಿತ್ತು ತಂದು, ಕೂದಲು ಕತ್ತರಿಸಿ, ತಾಯ್ನುಡಿಯಲ್ಲಿ ಮಾತಾಡಿದರೆ ಹೊಡೆದು 'ಸುಧಾರಿಸಿದ' ಶಾಲೆಗಳು. 2015ರಲ್ಲಿ ಕೊನೆಯ ವರದಿ ಕೊಟ್ಟ ಸತ್ಯ ಮತ್ತು ಸಾಮರಸ್ಯ ಆಯೋಗ 3,200ಕ್ಕೂ ಹೆಚ್ಚು ಸಾವುಗಳನ್ನ ದಾಖಲಿಸಿತು. ದಾಖಲೆಗೆ ಸಿಗದ್ದು ಬೇರೆ. 1927ರಿಂದ 1951ರವರೆಗೆ ಇನ್ನೊಂದು ವಿಚಿತ್ರ ಇತ್ತು: ಜಮೀನಿನ ಹಕ್ಕು ಕೇಳೋಕೆ ವಕೀಲರನ್ನ ಇಟ್ಟುಕೊಳ್ಳಲು ಮೂಲನಿವಾಸಿಗಳು ಸರ್ಕಾರದ ಅನುಮತಿ ಇಲ್ಲದೆ ಚಂದಾ ಎತ್ತೋದೇ ಅಪರಾಧ!

ಇಂಥ ಒಂದು ಶಾಲೆಯ ಕಥೆ ಮಾತ್ರ ನಾನು ಸ್ವಲ್ಪ ನಿಂತು ಹೇಳಬೇಕು. ಆಲ್ಬರ್ಟಾ ಪ್ರಾಂತ್ಯದ ಸೇಂಟ್ ಪಾಲ್ ಅನ್ನೋ ಊರಿನ ಹತ್ತಿರ ಬ್ಲೂ ಕ್ವಿಲ್ಸ್ ಅಂತ ಒಂದು ಶಾಲೆ. ಕೆಂಪು ಇಟ್ಟಿಗೆಯ ಆ ಕಟ್ಟಡ ಶುರುವಾದದ್ದು 1931ರಲ್ಲಿ. 1970ಕ್ಕೆ ಸರ್ಕಾರ ಅದನ್ನ ಮುಚ್ಚಿ ಮಕ್ಕಳನ್ನ ಪಟ್ಟಣದ ಶಾಲೆಗೆ ಕಳಿಸೋಕೆ ಹೊರಟಿತು. ಎಷ್ಟೋ ಜನ ಅಲ್ಲಿ ನೊಂದವರು. ಮುಚ್ಚಿದರೆ ಖುಷಿಪಡಬೇಕಿತ್ತು ತಾನೆ? ಅವರು ಹಾಗೆ ಮಾಡಲಿಲ್ಲ. ಜುಲೈ ತಿಂಗಳಲ್ಲಿ ಹೋಗಿ ಶಾಲೆಯೊಳಗೇ ಕೂತುಬಿಟ್ಟರು. ಅಜ್ಜ ಅಜ್ಜಿಯರು, ಗಂಡಸರು ಹೆಂಗಸರು, ಮಕ್ಕಳು ಮರಿ, ಸರದಿಯ ಮೇಲೆ ನೂರಾರು ಜನ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಬೇಡಿಕೆ ಒಂದೇ: ಶಾಲೆ ಮುಚ್ಚಬೇಡಿ, ನಮ್ಮ ಕೈಗೆ ಕೊಡಿ. ಎರಡು ವಾರ ದಾಟಿತು. ಆಗ ಇಂಡಿಯನ್ ವ್ಯವಹಾರಗಳ ಮಂತ್ರಿಯಾಗಿದ್ದವರು ಮುಂದೆ ಪ್ರಧಾನಿಯಾದ ಜಾನ್ ಕ್ರೆಚಿಯನ್. ಕೊನೆಗೆ ತಿಂಗಳ ಅಂತ್ಯಕ್ಕೆ ಸರ್ಕಾರ ಒಪ್ಪಿತು. ಕೆನಡಾದಲ್ಲಿ ಮೂಲನಿವಾಸಿಗಳೇ ನಡೆಸುವ ಮೊದಲ ಶಾಲೆ ಅದಾಯಿತು. ಬರ್ತಾ ಬರ್ತಾ ಕಾಲೇಜಾಯಿತು. 2015ರಿಂದ ಅದು ವಿಶ್ವವಿದ್ಯಾಲಯ, ಒಡೆತನ ಏಳು ಮೂಲನಿವಾಸಿ ಸಮುದಾಯಗಳದ್ದು. ಯಾವ ಗೋಡೆಗಳ ನಡುವೆ ಕ್ರೀ, ಡೆನೆ ಭಾಷೆ ಆಡಿದರೆ ಏಟು ಬೀಳ್ತಿತ್ತೋ ಅದೇ ಗೋಡೆಗಳ ನಡುವೆ ಇವತ್ತು ಆ ಭಾಷೆಗಳ ಪಾಠ. ವಿಶ್ವವಿದ್ಯಾಲಯದ ಹೆಸರೇ ಆ ಎರಡು ಭಾಷೆಗಳಲ್ಲಿದೆ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. 'ಅವರಿಗೆ ಎಲ್ಲಾ ಫ್ರೀ' ಅನ್ನೋ ಗೊಣಗಾಟ ಅಲ್ಲೂ ಇದೆ. ಈ ಮಾತು ನಮಗೇನು ಹೊಸದಾ? ವಾಸ್ತವ ನೋಡಿ. ಮೂಲನಿವಾಸಿ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಕೇಂದ್ರ ಸರ್ಕಾರ ಕೊಡ್ತಿದ್ದ ನೆರವಿಗೆ 1996ರಲ್ಲಿ ಒಂದು ಮಿತಿ ಹಾಕಿದರು, ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಬಾರದು ಅಂತ. ಓದಬೇಕು ಅನ್ನೋ ಮಕ್ಕಳು ಹೆಚ್ಚಾದರು, ಫೀಸು ಹೆಚ್ಚಾಯಿತು, ಹಣ ಮಾತ್ರ ಆಮೆ ನಡಿಗೆ. ಸೀಟು ಸಿಕ್ಕಿಯೂ ದುಡ್ಡಿಗಾಗಿ ಕಾಯುವವರ ಸಾಲು ಬೆಳೀತು. ಆ ಸಾಲು ಕರಗಿಸಿ ಅಂತ ಸತ್ಯ ಆಯೋಗವೇ ತನ್ನ 94 ಶಿಫಾರಸುಗಳಲ್ಲಿ ಒಂದನ್ನ ಇದಕ್ಕೆ ಮೀಸಲಿಡಬೇಕಾಯಿತು.

ಇನ್ನು ಫ್ರೀ ಅನ್ನೋ ಮಾತು. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಹುಡುಗ ಹುಡುಗಿಯರು ವಾಟರ್‌ಲೂ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಮಾಡೋಕೆ ಹೋಗ್ತಾರಲ್ಲ, ಆ ಕ್ಯಾಂಪಸ್ ನಿಂತಿರೋ ನೆಲದ ಚರಿತ್ರೆ ಕೇಳಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ನಿಂತ ಸಿಕ್ಸ್ ನೇಷನ್ಸ್‌ಗೆ 1784ರಲ್ಲಿ ಗವರ್ನರ್ ಹಾಲ್ಡಿಮಾಂಡ್ ಬರೆದುಕೊಟ್ಟದ್ದು ಗ್ರ್ಯಾಂಡ್ ನದಿಯ ಎರಡೂ ದಡಗಳಲ್ಲಿ ಆರಾರು ಮೈಲಿ ಅಗಲದ ಭೂಮಿ. ಒರೊನ್‌ಹ್ಯಾಟೇಕಾ ಅದೇ ನೆಲದವನು. ಇವತ್ತು ಅವರ ಕೈಯಲ್ಲಿ ಉಳಿದಿರೋದು ಅದರ ಶೇಕಡಾ 5ಕ್ಕೂ ಕಡಿಮೆ. ಜಮೀನು ಮಾರಿದ ಹಣವನ್ನ ಸರ್ಕಾರ ಟ್ರಸ್ಟಿಯಾಗಿ ಇಟ್ಟುಕೊಂಡು ಮನಸ್ಸಿಗೆ ಬಂದಲ್ಲಿ ಸಾಲ ಕೊಟ್ಟಿತು, ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೂ ಹೋಯಿತು, ವಾಪಸ್ ಬರಲಿಲ್ಲ ಅನ್ನೋದು ಅವರ ವಾದ. ಲೆಕ್ಕ ಕೊಡಿ ಅಂತ 1995ರಲ್ಲೇ ಕೋರ್ಟಿಗೆ ಹೋಗಿದ್ದಾರೆ. 2023ರಲ್ಲಿ ವಾಟರ್‌ಲೂ, ಸಿಕ್ಸ್ ನೇಷನ್ಸ್ ಮತ್ತು ಮಿಸಿಸಾಗಾ ಆಫ್ ದ ಕ್ರೆಡಿಟ್ ಸಮುದಾಯದ ವಿದ್ಯಾರ್ಥಿಗಳಿಗೆ ಟ್ಯೂಷನ್ ಫೀಸು ಬೇಡ ಅಂತ ಘೋಷಿಸಿತು. ಇದು ದಾನವಾ? ನನ್ನನ್ನ ಕೇಳಿದರೆ ಬಾಡಿಗೆ, ಅದೂ ತಡವಾಗಿ ಕಟ್ಟಿದ ಬಾಡಿಗೆ. ನಾನೂ ಇಂಜಿನಿಯರಿಂಗ್ ಓದಿದವನೇ. ನಾಲ್ಕು ವರ್ಷ ತಳಪಾಯದ ಲೆಕ್ಕ ಹೇಳಿಕೊಟ್ಟರು, ತಳಪಾಯದ ಕೆಳಗಿನ ನೆಲ ಯಾರದ್ದು ಅನ್ನೋ ಪಾಠ ಸಿಲಬಸ್‌ನಲ್ಲೇ ಇರಲಿಲ್ಲ.

ಅವಕಾಶ ತೆರೆದ ಕೂಡಲೇ ಕಳ್ಳರೂ ಬರ್ತಾರೆ, ಅದನ್ನೂ ಹೇಳಿಬಿಡಬೇಕು. ಮೂಲನಿವಾಸಿ ಅಂತ ಸುಳ್ಳು ಹೇಳಿಕೊಂಡು ಪ್ರಾಧ್ಯಾಪಕ ಹುದ್ದೆ, ಸಂಶೋಧನಾ ಹಣ ಪಡೆದವರ ಪ್ರಕರಣಗಳು ಈಚೆಗೆ ಅಲ್ಲಿ ಒಂದಾದ ಮೇಲೊಂದು ಬಯಲಾದವು. ನಕಲಿ ಜಾತಿ ಪ್ರಮಾಣಪತ್ರದ ನಾಡಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಫೀಸಿಗಿಂತ ಕಷ್ಟದ್ದು ಬೇರೆ ಇದೆ. ಹುಡುಗ ಒಳಗೆ ಬಂದ, ಅವನ ಅಜ್ಜಿಯ ತಿಳಿವಳಿಕೆ? ಅದಕ್ಕೆ ಗೇಟ್ ಪಾಸ್ ಇದೆಯಾ? ಬ್ರಿಟಿಷ್ ಕೊಲಂಬಿಯಾದ ಗಿಟ್ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ಭೂಮಿಗಾಗಿ ಕೋರ್ಟಿಗೆ ಹೋದರು. ಡೆಲ್ಗಮುಕ್ ಕೇಸ್ ಅಂತ ಪ್ರಸಿದ್ಧಿ. ಅವರ ಹತ್ತಿರ ಪಹಣಿ, ಪತ್ರ ಇರಲಿಲ್ಲ. ಇದ್ದದ್ದು ಹಾಡು, ಮನೆತನದ ಕಥೆ. ಆ ಹಾಡು ಯಾರ ಮನೆತನದ್ದೋ ಆ ನೆಲ ಅವರದ್ದು, ಕಂಡವರೆಲ್ಲ ಹಾಡುವಂತಿಲ್ಲ. ಮೇರಿ ಜಾನ್ಸನ್ ಅನ್ನೋ ಹಿರಿಯಜ್ಜಿ ಸಾಕ್ಷಿಕಟ್ಟೆಯಲ್ಲಿ ತಮ್ಮ ಮನೆತನದ ಶೋಕಗೀತೆ ಹಾಡಲು ಹೊರಟಾಗ ನ್ಯಾಯಮೂರ್ತಿ ಮೆಕೀಕರ್ನ್, ನನ್ನ ಕಿವಿಗೆ ಸಂಗೀತ ಹತ್ತೋದಿಲ್ಲ, ನನಗೆ ಹಾಡಿ ಪ್ರಯೋಜನವಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಅಜ್ಜಿ ಆದರೂ ಹಾಡಿದರು. 1991ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಅವರು ಬಿಡಲಿಲ್ಲ. 1997ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಬಾಯಿಮಾತಿನ ಚರಿತ್ರೆಯನ್ನೂ ಬರಹದ ದಾಖಲೆಯಷ್ಟೇ ಗೌರವದಿಂದ ತೂಗಬೇಕು, ವಿಚಾರಣೆ ಹೊಸದಾಗಿ ನಡೀಲಿ ಅಂತ ಹೇಳಿತು.

ಕೋರ್ಟ್ ಒಪ್ಪಿದ್ದನ್ನ ಲಾ ಕಾಲೇಜು ಕಲಿಸಬೇಕಲ್ಲ? ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಹಿಡೀತು. 2018ರಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯ ನಾಲ್ಕು ವರ್ಷದ ಹೊಸ ಕೋರ್ಸ್ ಶುರು ಮಾಡಿತು. ಕಟ್ಟಿದವರು ಜಾನ್ ಬರೋಸ್ ಮತ್ತು ವ್ಯಾಲ್ ನೆಪೋಲಿಯನ್, ಇಬ್ಬರೂ ಮೂಲನಿವಾಸಿ ಕಾನೂನು ಪಂಡಿತರು. ಕೆನಡಾದ ಕಾನೂನಿನ ಜೊತೆಗೇ ಮೂಲನಿವಾಸಿಗಳ ಕಾನೂನೂ ಪಾಠ. ತರಗತಿಯ ಕಲಿಕೆ ಸಾಲದು, ಆ ಸಮುದಾಯಗಳ ನಡುವೆಯೂ ಹೋಗಿ ಕೂರಬೇಕು. 2022ರಲ್ಲಿ ಮೊದಲ ತಂಡ ಹೊರಗೆ ಬಂತು. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಪದವಿ: ಒಂದು 1876ರ ಆ ಕಾಯ್ದೆ ಬರೆದವರ ಕಾನೂನಿನಲ್ಲಿ, ಇನ್ನೊಂದು ಮೇರಿ ಜಾನ್ಸನ್ ಅಂಥವರ ಕಾನೂನಿನಲ್ಲಿ.