ರುಫಾ ಊರಿನ ಹೆಣ್ಣುಮಕ್ಕಳ ಶಾಲೆ

ಸುಡಾನ್ ಎಂಬ ಹೆಸರು ನಮ್ಮಲ್ಲಿ ಮನೆಮಾತಾದದ್ದು 2023ರ ಏಪ್ರಿಲ್‌ನಲ್ಲಿ, ನಾಟಿ ಔಷಧ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿನ ಯುದ್ಧದಲ್ಲಿ ಸಿಕ್ಕಿಬಿದ್ದಾಗ. ಅವರು ಊರು ಸೇರಿದರು, ಸುದ್ದಿಯೂ ತಣ್ಣಗಾಯಿತು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದ ನನಗೆ ಆ ದೇಶವೆಂದರೆ ಮೊದಲು ನೆನಪಾಗುವುದು ನೀಲಿ ನೈಲ್ ದಡದ ರುಫಾ ಎಂಬ ಊರು, ಅಲ್ಲಿ 1907ರಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆ.

ಶಾಲೆ ತೆರೆದವರು ಬಾಬಿಕರ್ ಬದ್ರಿ. ಯೌವನದಲ್ಲಿ, ಸುಡಾನಿನಲ್ಲಿ ಸ್ವಂತ ರಾಜ್ಯ ಕಟ್ಟಿದ ಧರ್ಮನಾಯಕ ಮಹದಿಯ ಸೈನ್ಯದಲ್ಲಿ ಕಾದಾಡಿದ ಮನುಷ್ಯ. ಆ ರಾಜ್ಯ ಸೋತು ಬ್ರಿಟಿಷರ ಆಳ್ವಿಕೆ ಬಂದ ಮೇಲೆ ರುಫಾದಲ್ಲಿ ಹುಡುಗರಿಗೆ ಮೇಷ್ಟ್ರಾದರು. ಹುಡುಗಿಯರಿಗೂ ಕಲಿಸುತ್ತೇನೆ, ಅನುಮತಿ ಕೊಡಿ ಎಂದರೆ ಸರ್ಕಾರ ಒಪ್ಪಲಿಲ್ಲ. ಜನ ರೊಚ್ಚಿಗೆದ್ದಾರು ಎಂಬ ಅಳುಕು ಅಧಿಕಾರಿಗಳಿಗೆ. ಬದ್ರಿ ಮತ್ತೆ ಕೇಳಿದರು. ನಿಮ್ಮ ಮನೆಯಲ್ಲಿ, ನಿಮ್ಮ ಹೊಣೆಯಲ್ಲಿ ನಡೆಸಿಕೊಳ್ಳಿ ಎಂದು ಅಧಿಕಾರಿಗಳು ಕೊನೆಗೆ ಬಿಟ್ಟುಕೊಟ್ಟರು. ಮಣ್ಣಿನ ಮನೆಯೊಂದರಲ್ಲಿ 17 ಹುಡುಗಿಯರು ಕೂತರು. ಅವರಲ್ಲಿ ಒಂಬತ್ತು ಮಂದಿ ಬದ್ರಿಯವರ ಸ್ವಂತ ಹೆಣ್ಣುಮಕ್ಕಳು, ಉಳಿದ ಎಂಟು ಮಂದಿ ಅಕ್ಕಪಕ್ಕದ ಮನೆಯವರು. ಸುಧಾರಣೆಯ ಭಾಷಣ ಮಾಡಿದವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಊರವರ ಮಾತಿಗೆ ತನ್ನ ಮಕ್ಕಳನ್ನೇ ಮೊದಲು ಒಡ್ಡಿದವರು ವಿರಳ. ಅದಕ್ಕೇ ಈ ಮೇಷ್ಟ್ರ ಮೇಲೆ ನನಗೆ ಅಷ್ಟು ಗೌರವ. ಅವರ ಮಗ ಯೂಸುಫ್ 1966ರಲ್ಲಿ ಒಮ್ದುರ್ಮಾನ್ ನಗರದಲ್ಲಿ ಆರಂಭಿಸಿದ ಕಾಲೇಜು ಇಂದು ಅಹ್ಫಾದ್ ಮಹಿಳಾ ವಿಶ್ವವಿದ್ಯಾಲಯ.

ಓದು ಒಮ್ಮೆ ಒಳಗೆ ಬಂದಮೇಲೆ ಹುಡುಗಿಯರು ಕೊಟ್ಟಷ್ಟಕ್ಕೇ ಸುಮ್ಮನಾಗಲಿಲ್ಲ. ಒಮ್ದುರ್ಮಾನ್‌ನ ಬಾಲಕಿಯರ ಹೈಸ್ಕೂಲಿನಲ್ಲಿ ಬ್ರಿಟಿಷ್ ಮುಖ್ಯೋಪಾಧ್ಯಾಯಿನಿ ವಿಜ್ಞಾನ ಪಾಠ ತೆಗೆದು ಗೃಹವಿಜ್ಞಾನ ಹಾಕಲು ಹೊರಟಾಗ ವಿದ್ಯಾರ್ಥಿನಿಯರು ತರಗತಿ ಬಿಟ್ಟು ಮುಷ್ಕರ ಹೂಡಿದರು. ಮುಂದೆ ನಿಂತವಳು ಶಾಲೆಯಲ್ಲಿ ಗೋಡೆ ಪತ್ರಿಕೆ ನಡೆಸುತ್ತಿದ್ದ ಫಾತಿಮಾ ಅಹ್ಮದ್ ಇಬ್ರಾಹಿಂ. ವಿಜ್ಞಾನ ಪಾಠ ಉಳಿಯಿತು. 1952ರಲ್ಲಿ ಖಾಲಿದಾ ಜಾಹಿರ್ ದೇಶದ ಮೊದಲ ವೈದ್ಯೆಯರಲ್ಲಿ ಒಬ್ಬರಾಗಿ ಹೊರಬಂದರು. ಅದೇ ವರ್ಷ ಸುಡಾನ್ ಮಹಿಳಾ ಒಕ್ಕೂಟ ಹುಟ್ಟಿತು. 1955ರಿಂದ ಫಾತಿಮಾ ‘ಸೌತ್ ಅಲ್ ಮರಾ’ ಎಂಬ ಪತ್ರಿಕೆ ತಂದರು.

ಒಕ್ಕೂಟದ ಬೇಡಿಕೆಗಳಲ್ಲಿ ನನ್ನ ಮನಸ್ಸು ತಟ್ಟುವುದು ಶಿಕ್ಷಕಿಯರದು. ಮದುವೆಯಾದ ಶಿಕ್ಷಕಿ ಅಲ್ಲಿ ರಾಜೀನಾಮೆ ಕೊಡಬೇಕಿತ್ತು. ಮತ್ತೆ ಕೆಲಸ ಬೇಕೆಂದರೆ ತಿಂಗಳು ತಿಂಗಳಿನ ಕರಾರಿನ ಮೇಲೆ ಸೇರಬೇಕು. ಅಷ್ಟು ವರ್ಷದ ಸೇವೆ ಒಂದು ತಾಳಿಗೆ ಸಮ! ಸಂಬಳವೂ ಗಂಡಸರಿಗಿಂತ ಕಡಿಮೆ. ಗಂಡನ ಮನೆ ಬಿಟ್ಟು ಬಂದವಳನ್ನು ಪೊಲೀಸರು ಎಳೆದು ವಾಪಸು ಬಿಡುವ ಕಾನೂನಿತ್ತು. ಅದರ ಮೇಲೂ ಅವರು ಹೋರಾಡಿದರು.

ಮತದಾನದ ಹಕ್ಕಿನ ಕಥೆಯಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಸುಡಾನಿನ 1953ರ ಮೊದಲ ಸಂಸತ್ ಚುನಾವಣೆ ನಡೆಸಿಕೊಟ್ಟವರು ಭಾರತದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ನಮ್ಮ ಮೊದಲ ಚುನಾವಣೆಯಲ್ಲಿ, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಟ್ಟ ಆಯುಕ್ತರೂ ಅವರೇ. ಸುಡಾನಿನಲ್ಲಿ ಆಗ ಮತ ಹಾಕಬಹುದಾಗಿದ್ದದ್ದು ಪದವೀಧರ ಕ್ಷೇತ್ರಗಳಲ್ಲಿ ಓದಿದ ಬೆರಳೆಣಿಕೆಯ ಹೆಂಗಸರು ಮಾತ್ರ. 1964ರ ಅಕ್ಟೋಬರ್‌ನಲ್ಲಿ ಬೀದಿಗಿಳಿದ ಜನ ಮಿಲಿಟರಿ ಸರ್ಕಾರವನ್ನು ಇಳಿಸಿದರು, ಹೆಂಗಸರೆಲ್ಲರಿಗೂ ಮತ ಬಂತು. ಮರುವರ್ಷ ಫಾತಿಮಾ ಸಂಸತ್ತಿನ ಮೊದಲ ಮಹಿಳಾ ಸದಸ್ಯೆಯಾದರು. ಆ ದಶಕ ಮುಗಿಯುವಷ್ಟರಲ್ಲಿ ಸಮಾನ ವೇತನ ಸಿಕ್ಕಿತು, ತಿಂಗಳ ಕರಾರು ತೊಲಗಿತು.

ಮುಂದಿನದು ಕಹಿ. 1971ರಲ್ಲಿ ಸೇನಾಧಿಕಾರಿ ನುಮೇರಿಯ ಸರ್ಕಾರ ಫಾತಿಮಾರ ಪತಿ, ಕಾರ್ಮಿಕ ನಾಯಕ ಅಲ್ ಶಫಿ ಅವರನ್ನು ಗಲ್ಲಿಗೇರಿಸಿ ಆಕೆಯನ್ನು ಮನೆಯಲ್ಲೇ ಬಂಧನದಲ್ಲಿಟ್ಟಿತು. 1989ರಲ್ಲಿ ಸೇನಾಧಿಕಾರಿ ಬಶೀರ್ ಅಧಿಕಾರ ಹಿಡಿದ ಮೇಲೆ ಉಡುಪಿಗೂ ಛಡಿಯೇಟಿನ ಶಿಕ್ಷೆಯ ಕಾನೂನಾಯಿತು. 2009ರಲ್ಲಿ ಪ್ಯಾಂಟು ತೊಟ್ಟಿದ್ದಕ್ಕೆ ಪತ್ರಕರ್ತೆ ಲುಬ್ನಾ ಹುಸೇನ್ ಕೋರ್ಟಿಗೆ ಹೋಗಬೇಕಾಯಿತು.

2019ರ ಏಪ್ರಿಲ್‌ನಲ್ಲಿ ಬಶೀರ್ ವಿರುದ್ಧದ ಪ್ರತಿಭಟನೆಯಲ್ಲಿ ಕಾರಿನ ಮೇಲೆ ನಿಂತು ಕೂಗಿದ ಆಲಾ ಸಲಾಹ್‌ಳ ಚಿತ್ರ ಜಗತ್ತೆಲ್ಲ ಹರಿದಾಡಿತು. ಪ್ರಾಚೀನ ಕುಶ್ ನಾಡಿನ ರಾಣಿ, ಕಂದಾಕಾ ಎಂದು ಆಕೆಯನ್ನು ಕರೆದರು. ನನ್ನ ಕಣ್ಣು ನಿಂತದ್ದು ಆಕೆಯ ಬಿಳಿ ತೋಬ್ ಮೇಲೆ. ಅದು ಕೆಲಸಕ್ಕೆ ಹೋಗುವ ಸುಡಾನಿ ಹೆಂಗಸರ, ಶಿಕ್ಷಕಿಯರ ಉಡುಪು. ರಾಣಿಯರಿಗಿಂತ ಈ ಶಿಕ್ಷಕಿಯರಿಗೇ ಆ ಚಿತ್ರ ಹೆಚ್ಚು ಋಣಿ ಎಂದು ನಾನು ನಂಬುತ್ತೇನೆ. ಬಶೀರ್ ಇಳಿದ ಮೇಲೆ ಆ ವರ್ಷ ಸೈನ್ಯ ಮತ್ತು ಚಳವಳಿಗಾರರ ನಡುವೆ ಆದ ಒಪ್ಪಂದ ಶಾಸನಸಭೆಯಲ್ಲಿ ಹೆಂಗಸರಿಗೆ ಕನಿಷ್ಠ ಶೇ. 40 ಸ್ಥಾನ ಎಂದಿತ್ತು. ಆ ಸಭೆ ಕೂಡಲೇ ಇಲ್ಲ. 2021ರಲ್ಲಿ ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು, 2023ರಲ್ಲಿ ಯುದ್ಧ ಶುರುವಾಯಿತು. ಒಮ್ದುರ್ಮಾನ್ ರಣರಂಗವಾಯಿತು. ರುಫಾ ಇರುವ ಗೆಜಿರಾ ಪ್ರಾಂತ್ಯಕ್ಕೂ ಆ ಡಿಸೆಂಬರ್‌ನಲ್ಲಿ ಬಂದೂಕು ಬಂತು.

ಮೈಸೂರು, ಬೆಂಗಳೂರಿನ ಕಾಲೇಜುಗಳಿಗೆ ಸುಡಾನಿನ ಮಕ್ಕಳು ಮೊದಲಿನಿಂದಲೂ ಓದಲು ಬರುತ್ತಾರೆ. ನೀವು ಅಂಥ ಕಾಲೇಜಿನಲ್ಲಿದ್ದರೆ, ಯುದ್ಧದಿಂದಾಗಿ ಮನೆಯಿಂದ ಹಣ ಬಾರದ ಹುಡುಗಿಯೊಬ್ಬಳ ಫೀಸಿಗೆ ಕಾಲಾವಕಾಶ ಕೊಡಿಸಿ. ಅವಳ ಓದು ನಿಲ್ಲದಂತೆ ನೋಡಿಕೊಳ್ಳಿ.