ಪಿ. ಜೆ. ಹಿಂದೂ ಜಿಮ್ಖಾನಾ, ಮುಂಬೈ

ಮುಂಬೈಯ ಮರೀನ್ ಡ್ರೈವ್ ರಸ್ತೆಗೂ ಪಶ್ಚಿಮ ರೈಲ್ವೆಯ ಹಳಿಗಳಿಗೂ ನಡುವೆ ಇರುವ ಕ್ರೀಡಾಸಂಸ್ಥೆ. ಸ್ಥಾಪನೆ 1894. ಪೂರ್ಣ ಹೆಸರು ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ. ಪರಮಾನಂದದಾಸರ ಮಗ ಗೋವರ್ಧನದಾಸರು ತಂದೆಯ ನೆನಪಿಗಾಗಿ ಕೊಟ್ಟ ದೇಣಿಗೆಯಿಂದ ಈ ಹೆಸರು ಬಂತು. ಇಲ್ಲಿನ ಮೊದಲ ಆಟ ಕ್ರಿಕೆಟ್. ಟೆನಿಸ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಬಿಲಿಯರ್ಡ್ಸ್ ಕಾಲಕ್ರಮದಲ್ಲಿ ಸೇರಿಕೊಂಡವು. ಇದೇ ಸಾಲಿನಲ್ಲಿ ಪಾರ್ಸಿ ಜಿಮ್ಖಾನಾ, ಇಸ್ಲಾಂ ಜಿಮ್ಖಾನಾಗಳೂ ಇವೆ. ಆಟದ ಬಯಲನ್ನು ಮತಧರ್ಮದ ಲೆಕ್ಕದಲ್ಲಿ ಹಂಚಿದ್ದು ಯಾಕೆ ಎಂಬ ಪ್ರಶ್ನೆಯಿಂದಲೇ ಇದರ ಚರಿತ್ರೆಯನ್ನು ಹೇಳಬೇಕು.

ಜಾಗದ ಜಗಳ

ಬೊಂಬಾಯಿ ಕೋಟೆಯ ಹೊರಗೆ, ಫಿರಂಗಿಯ ಗುರಿಗೆ ಅಡ್ಡ ಬಾರದಂತೆ ತೆರವಾಗಿಟ್ಟಿದ್ದ ದೊಡ್ಡ ಬಯಲಿಗೆ ಎಸ್‌ಪ್ಲನೇಡ್ ಎಂಬ ಹೆಸರಿತ್ತು. ಭಾರತೀಯರ ಕ್ರಿಕೆಟ್ ಬೆಳೆದದ್ದು ಈ ಬಯಲಿನಲ್ಲಿ. ಪಾರ್ಸಿ ಹುಡುಗರು 1848ರಲ್ಲೇ ಓರಿಯಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿದ್ದರು. ಹಿಂದೂಗಳ ಮೊದಲ ಕ್ಲಬ್ಬು, ಬಾಂಬೆ ಯೂನಿಯನ್, 1866ರದು. ಆಮೇಲೆ ಹುಟ್ಟಿದವುಗಳ ಹೆಸರು ನೋಡಿದರೆ ಆ ಕಾಲದ ಬೊಂಬಾಯಿ ಹೇಗಿತ್ತೆಂದು ತಿಳಿಯುತ್ತದೆ: ಗೌಡ ಸಾರಸ್ವತ ಕ್ರಿಕೆಟ್ ಕ್ಲಬ್, ಕ್ಷತ್ರಿಯ ಕ್ರಿಕೆಟ್ ಕ್ಲಬ್, ಗುಜರಾತಿ ಯೂನಿಯನ್, ಮರಾಠಾ ಕ್ರಿಕೆಟ್ ಕ್ಲಬ್, ತೆಲುಗು ಯಂಗ್ ಕ್ರಿಕೆಟರ್ಸ್. ಜಾತಿ ಮತ್ತು ಭಾಷೆಯ ಗುಂಪುಗಳು ಹಾಗೆಯೇ ಬಂದು ಬಯಲಿನಲ್ಲಿ ವಿಕೆಟ್ ನೆಟ್ಟಿದ್ದವು.

ಯುರೋಪಿಯನ್ನರು 1875ರಲ್ಲಿ ಬಾಂಬೆ ಜಿಮ್ಖಾನಾ ಸ್ಥಾಪಿಸಿದರು. ಅದರಲ್ಲಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ಒಳ್ಳೆಯ ಹುಲ್ಲುಹಾಸನ್ನು ತಮಗಾಗಿ ಉಳಿಸಿಕೊಂಡಿದ್ದ ಅದರ ಸದಸ್ಯರು ಪೋಲೋ ಆಡಲು ಮಾತ್ರ ಭಾರತೀಯರು ಕ್ರಿಕೆಟ್ ಆಡುತ್ತಿದ್ದ ಭಾಗಕ್ಕೆ ಕುದುರೆಗಳನ್ನು ತರುತ್ತಿದ್ದರು. ಗೊರಸುಗಳು ಕಿತ್ತ ನೆಲದಲ್ಲಿ ಚೆಂಡು ಎತ್ತ ಪುಟಿಯುವುದೋ ಹೇಳುವಂತಿರಲಿಲ್ಲ. 1881ರಿಂದ ಪಾರ್ಸಿಗಳ ಮುಂದಾಳುತನದಲ್ಲಿ ಸರ್ಕಾರಕ್ಕೆ ಮನವಿಗಳು ಹೋದವು. ಪೋಲೋ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ಮನವಿಗಳು ಹೋದವು. ಶಾಪೂರ್ಜಿ ಸೊರಾಬ್ಜಿ ಎಂಬ ಪಾರ್ಸಿ ಲೇಖಕರು ಈ ಹೋರಾಟವನ್ನು 1897ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನೆಲಕ್ಕಾಗಿ ಭಾರತೀಯರು ಅರ್ಜಿ ಹಿಡಿದು ವರ್ಷಗಟ್ಟಲೆ ಹೋರಾಡಿದ ಈ ಪ್ರಸಂಗಕ್ಕೆ ನಮ್ಮ ಕ್ರೀಡಾ ಚರಿತ್ರೆಯಲ್ಲಿ ಇನ್ನೂ ದೊಡ್ಡ ಸ್ಥಾನ ಸಿಗಬೇಕಿತ್ತು.

ಕೊನೆಗೆ ಸರ್ಕಾರ ಕಂಡುಕೊಂಡ ದಾರಿ ಬೇರೆ ಕಡೆ ಜಾಗ ಕೊಡುವುದು. ಬ್ಯಾಕ್ ಬೇ ಕೊಲ್ಲಿಯ ದಡದಲ್ಲಿ, ರೈಲುಹಾದಿಯ ಪಕ್ಕ, ಸಮುದ್ರದಿಂದ ಪಡೆದ ನೆಲವಿತ್ತು. ಅದನ್ನು ಕೆನೆಡಿ ಸೀ ಫೇಸ್ ಎನ್ನುತ್ತಿದ್ದರು. 1885ರಲ್ಲಿ ಸಂಘಟಿತವಾದ ಪಾರ್ಸಿ ಜಿಮ್ಖಾನಾ ಅಲ್ಲಿ ಮೊದಲು ನೆಲೆಯೂರಿತು. ಮುಸ್ಲಿಮರು ಕೇಳಿದರು, ಹಿಂದೂಗಳೂ ಕೇಳಿದರು. ಆಗ ಗವರ್ನರ್ ಆಗಿದ್ದವರು ಲಾರ್ಡ್ ಹ್ಯಾರಿಸ್, ಹಿಂದೆ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿದ್ದವರು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲಾಗದೆ ಅಕ್ಕಪಕ್ಕದಲ್ಲೇ ಜಾಗಗಳು ಮಂಜೂರಾದವು. ಹಿಂದೂಗಳ ಪಾಲಿಗೆ ಈ ಮೈದಾನ ಬಂದದ್ದು ಹೀಗೆ. ಇಂದು ಅದರ ಮುಂದೆ ಹಾದುಹೋಗುವ ಮರೀನ್ ಡ್ರೈವ್ ಆಗಿನ್ನೂ ಇರಲಿಲ್ಲ. ಮೈದಾನದ ಅಂಚಿನಾಚೆ ಸಮುದ್ರವೇ ಇತ್ತು.

ಜಾತಿಗೊಂದು ಕ್ಲಬ್ಬಿದ್ದ ಊರಿನಲ್ಲಿ ಎಲ್ಲ ಹಿಂದೂಗಳಿಗೂ ಒಂದೇ ಜಿಮ್ಖಾನಾ ಎಂಬುದು ಹೊಸ ಯೋಚನೆ. ಆ "ಎಲ್ಲ" ಎಂಬ ಮಾತಿನೊಳಗೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಬೇಗನೆ ಎದುರಿಸಬೇಕಾಯಿತು.

ಪಾಲ್ವಣಕರ್ ಸೋದರರು

ಪಾಲ್ವಣಕರ್ ಬಾಲೂ ಹುಟ್ಟಿದ್ದು ಧಾರವಾಡದಲ್ಲಿ. ಕುಟುಂಬದ ಮೂಲ ಕೊಂಕಣ, ಚಮ್ಮಾರ ಜಾತಿ, ತಂದೆ ಸೈನ್ಯದ ಸೇವೆಯಲ್ಲಿದ್ದರು. ಪುಣೆಯ ಪಾರ್ಸಿ ಕ್ಲಬ್ಬೊಂದರಲ್ಲಿ ತಿಂಗಳಿಗೆ ಮೂರು ರೂಪಾಯಿಗೆ ಪಿಚ್ ಗುಡಿಸಿ ರೋಲರ್ ಎಳೆಯುತ್ತಿದ್ದ ಹುಡುಗ ಆಮೇಲೆ ನಾಲ್ಕು ರೂಪಾಯಿ ಸಂಬಳಕ್ಕೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದ. ಅಲ್ಲಿ ಸಾಹೇಬರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಬೌಲಿಂಗ್ ಮಾಡಿ ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದ. ಬ್ಯಾಟು ಹಿಡಿಯುವ ಅವಕಾಶ ಮಾತ್ರ ಅಲ್ಲಿ ಸಿಗಲಿಲ್ಲ. ಪುಣೆಯ ಹಿಂದೂಗಳು ಗೆಲುವಿಗಾಗಿ ಅವರನ್ನು ತಂಡಕ್ಕೆ ಸೇರಿಸಿಕೊಂಡರೂ ಚಹಾ ವಿರಾಮದಲ್ಲಿ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಚಹಾ ಕೊಡುತ್ತಿದ್ದರು.

ಬಾಲೂ ಬೊಂಬಾಯಿಗೆ ಬಂದಾಗ ಹಿಂದೂ ಜಿಮ್ಖಾನಾದ ಕೆಲವು ಸದಸ್ಯರೂ ತಕರಾರು ತೆಗೆದರು. ತಂಡದ ನಾಯಕ ಕೀರ್ತಿಕರ್ ಹಟ ಹಿಡಿದು ಅವರನ್ನು ಆಡಿಸಿದರು. ಫಲ 1906ರಲ್ಲಿ ಕಂಡಿತು. ಆ ವರ್ಷ ಹಿಂದೂ ಜಿಮ್ಖಾನಾ ಕಟ್ಟಿದ ಹಿಂದೂ ತಂಡ ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಬಾಲೂ ಜೊತೆಗೆ ತಮ್ಮ ಶಿವರಾಮರೂ ತಂಡದಲ್ಲಿದ್ದರು. ಪಾರ್ಸಿಗಳಿಗೂ ಯುರೋಪಿಯನ್ನರಿಗೂ ಮೀಸಲಾಗಿದ್ದ ವಾರ್ಷಿಕ ಪಂದ್ಯ ಮರುವರ್ಷವೇ ಹಿಂದೂಗಳೂ ಸೇರಿ ತ್ರಿಕೋನ ಪಂದ್ಯಾವಳಿಯಾಯಿತು. 1912ರಲ್ಲಿ ಮುಸ್ಲಿಂ ತಂಡ ಸೇರಿ ಅದು ಚತುಷ್ಕೋನವಾಯಿತು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಬಾಲೂ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1913ರಲ್ಲಿ ನಾಯಕರಾದ ಎಂ. ಡಿ. ಪೈ ಸನ್ಮಾನ ಸಭೆಯಲ್ಲೇ, ಈ ಗೌರವ ಹಿರಿಯ ಆಟಗಾರರಾದ ಬಾಲೂಗೆ ಸಲ್ಲಬೇಕಿತ್ತು ಎಂದರು. ಸಾರಸ್ವತ ಬ್ರಾಹ್ಮಣರೊಬ್ಬರು ಆ ಕಾಲದಲ್ಲಿ ತುಂಬಿದ ಸಭೆಯ ಎದುರು ಹೀಗೆಂದದ್ದು ಸಣ್ಣ ಮಾತಲ್ಲ. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ, ಜಾತಿಯ ಕಾರಣಕ್ಕೆ ನಮ್ಮನ್ನು ಕಡೆಗಣಿಸಲಾಗಿದೆ ಎಂದು ಬಹಿರಂಗವಾಗಿ ಹೇಳಿ ಪಂದ್ಯದಿಂದ ಹಿಂದೆ ಸರಿದರು. ಮುಂದಿನ ಪಂದ್ಯಕ್ಕೆ ಮೂವರೂ ಮರಳಿದರು; ಬಾಲೂ ಉಪನಾಯಕರಾಗಿದ್ದರು. 1923ರಲ್ಲಿ ವಿಠ್ಠಲ ನಾಯಕರಾದರು, ಯುರೋಪಿಯನ್ನರನ್ನು ಸೋಲಿಸಿ ಪ್ರಶಸ್ತಿ ಗೆದ್ದರು. ಈ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ.

ಬಾಲೂ ಮುಂದೆ ರಾಜಕೀಯಕ್ಕೂ ಬಂದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು ಡಾ. ಅಂಬೇಡ್ಕರರ ಎದುರು, ಸುಮಾರು ಎರಡು ಸಾವಿರ ಮತಗಳ ಅಂತರದಲ್ಲಿ ಸೋತರು.

ಪಂಚಕೋನದ ವರ್ಷಗಳು

ಕಾನೂನುಭಂಗ ಚಳವಳಿಯ ಕಾರಣ 1930ರಿಂದ 1933ರವರೆಗೆ ಪಂದ್ಯಾವಳಿ ನಡೆಯಲಿಲ್ಲ. 1937ರಲ್ಲಿ ಹೊಸ ಬ್ರೇಬೋರ್ನ್ ಕ್ರೀಡಾಂಗಣ ತೆರೆಯಿತು. ಕ್ರಿಶ್ಚಿಯನ್ನರು ಮತ್ತಿತರರ "ದಿ ರೆಸ್ಟ್" ತಂಡವೂ ಸೇರಿ ಪಂದ್ಯಾವಳಿ ಪಂಚಕೋನವಾಯಿತು. ಆ ಮೊದಲ ವರ್ಷವೇ ಹಿಂದೂ ತಂಡ ಆಡಲಿಲ್ಲ. ಕ್ರೀಡಾಂಗಣದ ಒಡೆತನ ಹೊಂದಿದ್ದ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾ ಹಿಂದೂ ಜಿಮ್ಖಾನಾದ ಸದಸ್ಯರಿಗೆ ಕೊಡುವ ಆಸನಗಳು ಕಡಿಮೆಯಾದವೆಂದು ಜಿಮ್ಖಾನಾ ಮುನಿಸಿಕೊಂಡಿತ್ತು.

1940ರ ಡಿಸೆಂಬರಿನಲ್ಲಿ ಎದುರಾದ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಧರ್ಮಕ್ಕೊಂದು ತಂಡ ಕಟ್ಟಿ ಆಡುವುದು ಸರಿಯೇ? ಜಿಮ್ಖಾನಾದ ನಿಯೋಗ ವಾರ್ಧಾಕ್ಕೆ ಹೋಗಿ ಗಾಂಧೀಜಿಯನ್ನು ಕೇಳಿತು. ಕಾಲೇಜು, ಸಂಸ್ಥೆಗಳ ನಡುವಿನ ಪಂದ್ಯಗಳು ಅರ್ಥವಾಗುತ್ತವೆ, ಸಮುದಾಯಗಳ ನಡುವಿನವು ಅರ್ಥವಾಗುವುದಿಲ್ಲ ಎಂಬುದು ಅವರ ಉತ್ತರದ ಸಾರ. ಯುದ್ಧ ನಡೆದಿದೆ, ನಾಯಕರು ಜೈಲಿನಲ್ಲಿದ್ದಾರೆ, ಇದು ಮೋಜಿನ ಹೊತ್ತಲ್ಲ ಎಂದೂ ಹೇಳಿದರು. ಬಿಸಿಬಿಸಿ ಚರ್ಚೆಯ ನಂತರ ಜಿಮ್ಖಾನಾದ ಸರ್ವಸದಸ್ಯರ ಸಭೆ ಅಲ್ಪ ಬಹುಮತದಿಂದ ಆ ವರ್ಷ ಆಡದಿರಲು ತೀರ್ಮಾನಿಸಿತು. ಮರುವರ್ಷ ತಂಡ ಮತ್ತೆ ಕಣಕ್ಕಿಳಿಯಿತು.

ಹಿಂದೂ ಜಿಮ್ಖಾನಾದ ವಿಜಯ್ ಮರ್ಚೆಂಟ್ ಈ ಕಾಲದ ದೊಡ್ಡ ಬ್ಯಾಟ್ಸ್‌ಮನ್. 1943ರ ಫೈನಲ್‌ನಲ್ಲಿ "ದಿ ರೆಸ್ಟ್" ವಿರುದ್ಧ ಅವರು ಅಜೇಯ 250 ಹೊಡೆದರು. ಹಿಂದೂಗಳು 5 ವಿಕೆಟ್‌ಗೆ 581ರಲ್ಲಿ ಡಿಕ್ಲೇರ್ ಮಾಡಿದರು. ಎದುರಾಳಿ ತಂಡದ ವಿಜಯ್ ಹಜಾರೆ ಎರಡನೇ ಇನಿಂಗ್ಸ್‌ನಲ್ಲಿ ತಂಡದ 387 ರನ್‌ಗಳ ಪೈಕಿ ಒಬ್ಬರೇ 309 ಬಾರಿಸಿದರು. ತಮ್ಮ ವಿವೇಕ್ ಜೊತೆಗಿನ 300 ರನ್‌ಗಳ ಜೊತೆಯಾಟದಲ್ಲಿ ವಿವೇಕ್ ಪಾಲು 21. ಪಂದ್ಯ ಗೆದ್ದದ್ದು ಹಿಂದೂ ತಂಡ. ಜನರ ನಾಲಗೆಯ ಮೇಲೆ ಉಳಿದದ್ದು ಸೋತವರ ಆ ಇನಿಂಗ್ಸ್. ದೇಶದ ಉದ್ದಗಲಕ್ಕೂ ಕೋಮು ದ್ವೇಷ ಹಬ್ಬುತ್ತಿದ್ದಾಗ 1946ರ ಆರಂಭದಲ್ಲಿ ಪಂದ್ಯಾವಳಿ ಕೊನೆಯ ಸಲ ನಡೆಯಿತು.

ಆಮೇಲಿನ ಮೈದಾನ

ಪಂದ್ಯಾವಳಿ ಹೋದರೂ ಜಿಮ್ಖಾನಾಗಳು ಹಳೆಯ ಹೆಸರುಗಳಲ್ಲೇ ಮುಂದುವರಿದವು. ಮುಂಬೈ ಕ್ರಿಕೆಟಿನ ನಿತ್ಯದ ಬದುಕು ಈ ಸಾಲಿನ ಮೈದಾನಗಳಲ್ಲಿ ನಡೆಯುತ್ತದೆ. ಹಿಂದೂ ಜಿಮ್ಖಾನಾ ತನ್ನ ಮೈದಾನದಲ್ಲಿ ಪುರುಷೋತ್ತಮ್ ಶೀಲ್ಡ್ ಪಂದ್ಯಾವಳಿ ನಡೆಸುತ್ತದೆ. ಡಾ. ಎಚ್. ಡಿ. ಕಾಂಗಾ ಅವರ ಹೆಸರಿನಲ್ಲಿ 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲದ್ದೇ ಪಂದ್ಯಾವಳಿ. ಹೊದಿಕೆಯಿಲ್ಲದ ಒದ್ದೆ ಪಿಚ್ ಮೇಲೆ ಚೆಂಡು ಒಮ್ಮೆ ಏಳುತ್ತದೆ, ಒಮ್ಮೆ ನೆಲಕ್ಕಂಟಿ ಜಾರುತ್ತದೆ. ಹುಲ್ಲು ಮೊಣಕಾಲಿನತ್ತ ಬೆಳೆದಿದ್ದರೆ ನೆಲದ ಮೇಲೆ ಹೊಡೆದ ಚೆಂಡು ಬೌಂಡರಿ ಮುಟ್ಟುವುದೇ ಕಷ್ಟ. ಶಾಲಾ ಹುಡುಗರು ಟೆಸ್ಟ್ ಆಟಗಾರರ ಎದುರು ಇದೇ ಲೀಗಿನಲ್ಲಿ ಆಡಿ ಕಲಿತಿದ್ದಾರೆ. ಮುಂಬೈ ಬ್ಯಾಟ್ಸ್‌ಮನ್ನರು ಕೆಟ್ಟ ಪಿಚ್ಚಿಗೆ ಅಂಜುವುದಿಲ್ಲ ಎಂಬ ಹೆಸರಿಗೆ ಈ ಕೆಸರಿನ ಪಾಠವೂ ಒಂದು ಕಾರಣ.